ಒಂದೇ ಬೆಳಗ್ಗೆ ಕೆರೆಯ ಮೀನೆಲ್ಲ ಸತ್ತವು. ನಾವು ಹಾಳು ಮಾಡಿದ್ದನ್ನು ನಾವೇ ಸರಿ ಮಾಡೋಕೆ ಆಗುತ್ತಾ?

ಕೆರೆಯಂಚು:
ಎಲ್ಲರಿಗೂ ನಮಸ್ಕಾರ. ನಾನು ದಿನಾ ಬೆಳಗ್ಗೆ ಒಂದು ಕೆರೆಯ ಸುತ್ತ ನಡೆಯುತ್ತೇನೆ. ಕಳೆದ ವಾರ ಒಂದು ದಿನ ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ನೀರಿನ ಮೇಲೆ ಏನೋ ಮಿಸುಕಾಡುತ್ತಿತ್ತು. ಹತ್ತಿರ ಹೋಗಿ ನೋಡಿದರೆ ನೂರಾರು ಮೀನುಗಳು. ಬಾಯಿ ಮಾತ್ರ ಮೇಲಿಟ್ಟು ತೆರೆಯುತ್ತಿದ್ದವು, ಮುಚ್ಚುತ್ತಿದ್ದವು. ಬೇರೆ ದಿನ ನಮ್ಮ ನೆರಳು ಬಿದ್ದರೆ ಸಾಕು, ಮಾಯವಾಗುವ ಮೀನುಗಳು ಅವು. ಅವತ್ತು ನಾನು ಅಂಚಿಗೆ ಹೋಗಿ ಕುಕ್ಕರಗಾಲಲ್ಲಿ ಕೂತರೂ ಒಂದೂ ಒಳಗೆ ಹೋಗಲಿಲ್ಲ. ಹೋಗುವ ಶಕ್ತಿ ಇರಲಿಲ್ಲ ಅನ್ನಿಸುತ್ತದೆ. ಇನ್ನೊಂದು ಸುತ್ತು ಮುಗಿಸಿ ಬರುವಷ್ಟರಲ್ಲಿ ಅರ್ಧಕ್ಕರ್ಧ ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

ನೀರು ಹಸಿರು ಪೇಂಟ್ ಕಲಸಿದ ಹಾಗಿತ್ತು. ಯಾರೋ ವಿಷ ಹಾಕಿದ್ದಾರೆ ಎಂದರು ಒಬ್ಬರು. ಬಿಸಿಲು ಜಾಸ್ತಿಯಾಗಿದೆ ಎಂದರು ಇನ್ನೊಬ್ಬರು. ಮನೆಗೆ ಬಂದು ಹೇಳಿದಾಗ ಮಗಳು ಕೇಳಿದಳು, "ನೀರಲ್ಲೇ ಇರೋ ಮೀನಿಗೆ ಉಸಿರು ಕಟ್ಟೋದು ಹೇಗೆ?" ನನಗೆ ಉತ್ತರ ಗೊತ್ತಿರಲಿಲ್ಲ.

ನನ್ನ ಪ್ರಶ್ನೆ ಎರಡು. ಒಂದು, ಇದು ಯಾಕೆ ಆಯಿತು? ಎರಡು, ಮನುಷ್ಯ ಕೆಡಿಸಿದ್ದು ನಿಜವಾಗಿ ಸರಿಯಾದ ಉದಾಹರಣೆ ಎಲ್ಲಾದರೂ ಇದೆಯಾ? ಕಾಡು ಹೋಯಿತು, ಗಾಳಿ ಕೆಟ್ಟಿತು, ಹವಾಮಾನ ಬದಲಾಯಿತು ಎಂದು ಓದಿ ಓದಿ ಮನಸ್ಸು ಜಡವಾಗಿಬಿಟ್ಟಿದೆ. ಸರಿಯಾದದ್ದೂ ಇದ್ದರೆ ದಯವಿಟ್ಟು ಹೇಳಿ. ಮಗಳಿಗೂ ಹೇಳಬೇಕು.

ನೀರಪರೀಕ್ಷೆ:
ನೀವು ಬರೆದ ರೀತಿ ನೋಡಿದರೆ ವಿಷ ಅಲ್ಲ. ಖಚಿತವಾಗಿ ಹೇಳಬೇಕಾದರೆ ನೀರನ್ನು ಪರೀಕ್ಷೆ ಮಾಡಲೇಬೇಕು. ಆದರೆ ಮೀನು ನಸುಕಿನಲ್ಲಿ ಮೇಲೆ ಬಂದು ಬಾಯಿ ಬಿಡುವುದು, ನೀರು ಗಾಢ ಹಸಿರಾಗಿರುವುದು, ಇವೆರಡೂ ಸೇರಿದರೆ ಸಾಮಾನ್ಯವಾಗಿ ಒಂದೇ ಕಾರಣ. ನೀರಿನಲ್ಲಿ ಕರಗಿದ ಆಮ್ಲಜನಕ ಮುಗಿದುಹೋಗಿದೆ.

ಮಗಳಿಗೆ ಹೀಗೆ ಹೇಳಿ. ಮೀನು ಉಸಿರಾಡುವುದು ನೀರನ್ನಲ್ಲ, ನೀರಲ್ಲಿ ಕರಗಿರುವ ಗಾಳಿಯನ್ನು. ಅದು ಇರುವುದೇ ಬಹಳ ಕಡಿಮೆ. 25 ಡಿಗ್ರಿ ಬಿಸಿಯಿರುವ ಒಂದು ಲೀಟರ್ ನೀರು ತಾನಾಗಿ ಹಿಡಿದುಕೊಳ್ಳುವುದು ಸುಮಾರು 8 ಮಿಲಿಗ್ರಾಂ ಆಮ್ಲಜನಕ ಮಾತ್ರ. ನೀರು ಬಿಸಿಯಾದಷ್ಟೂ ಇನ್ನೂ ಕಡಿಮೆ. ಇನ್ನು ಪಾಚಿಯ ವಿಷಯ. ಹಗಲು ಬಿಸಿಲಿದ್ದಾಗ ಪಾಚಿ ಆಮ್ಲಜನಕ ಕೊಡುತ್ತದೆ. ರಾತ್ರಿ ಅದೂ ನಮ್ಮ ಹಾಗೆ ಉಸಿರಾಡುತ್ತದೆ, ಅಂದರೆ ಆಮ್ಲಜನಕ ತಿನ್ನುತ್ತದೆ. ಸತ್ತ ಪಾಚಿ ತಳಕ್ಕೆ ಹೋಗಿ ಕೊಳೆಯುವಾಗ ಬ್ಯಾಕ್ಟೀರಿಯಾ ಇನ್ನಷ್ಟು ತಿನ್ನುತ್ತವೆ. ಹಾಗಾಗಿ ಬೆಳಗಾಗುವ ಹೊತ್ತಿಗೆ ಆಮ್ಲಜನಕ ತಳ ಮುಟ್ಟಿರುತ್ತದೆ. ಹಿಂದಿನ ದಿನ ಮೋಡ ಇದ್ದರೆ ಕಥೆ ಮುಗಿಯಿತು, ಹಗಲಿನ ಸಂಪಾದನೆಯೂ ಇರುವುದಿಲ್ಲ. ಲೀಟರಿಗೆ 2 ಮಿಲಿಗ್ರಾಂಗಿಂತ ಕೆಳಗಿಳಿದರೆ ಹೆಚ್ಚಿನ ಮೀನುಗಳು ತಡೆಯಲಾರವು.

ಅವತ್ತಿನ ಹಿಂದಿನ ದಿನ ಮೋಡ ಇತ್ತಾ?

ಕೆರೆಯಂಚು:
ಎರಡು ದಿನ ಬಿಸಿಲೇ ಬಿದ್ದಿರಲಿಲ್ಲ!

ಹಸಿರುಹಾದಿ:
ಪಾಚಿ ತೆಗೆದರೆ ಆಯಿತಲ್ವಾ? ಒಂದು ಭಾನುವಾರ ಎಲ್ಲರೂ ಸೇರಿ ಬಲೆ ಹಾಕಿ ಎಳೆದರೆ?

ನೀರಪರೀಕ್ಷೆ:
ತೆಗೆಯಬಹುದು. ಎರಡು ವಾರಕ್ಕೆ ಮತ್ತೆ ಬರುತ್ತದೆ. ಪಾಚಿ ಮೇಲೆ ಕಾಣುವ ಲಕ್ಷಣ. ಅದಕ್ಕೆ ಊಟ ಹಾಕುತ್ತಿರುವುದು ಯಾರು ಎಂದು ಮೊದಲು ಹುಡುಕಬೇಕು.

ಈ ಪ್ರಶ್ನೆಗೆ ಉತ್ತರ ಸಿಕ್ಕ ರೀತಿ ನನಗೆ ಬಹಳ ಇಷ್ಟ, ಸ್ವಲ್ಪ ಉದ್ದ ಬರೆಯುತ್ತೇನೆ. 1960ರ ದಶಕದಲ್ಲಿ ಅಮೆರಿಕ ಮತ್ತು ಕೆನಡಾ ನಡುವಿನ ಈರಿ ಸರೋವರ ಸತ್ತೇಹೋಯಿತು ಎಂದು ಪತ್ರಿಕೆಗಳು ಬರೆಯುತ್ತಿದ್ದವು. ಅಲ್ಲೂ ಇದೇ ಹಸಿರು. ಕಾರಣ ಇಂಗಾಲವೋ, ಸಾರಜನಕವೋ, ರಂಜಕವೋ (ಫಾಸ್ಫರಸ್) ಎಂದು ದೊಡ್ಡ ಜಗಳ. ಆಗ ಬಟ್ಟೆ ಸೋಪಿನ ಪುಡಿಯಲ್ಲಿ ರಂಜಕ ತುಂಬಾ ಇರುತ್ತಿತ್ತು. ಕಂಪನಿಗಳಿಗೆ ಅದನ್ನು ಬಿಡುವ ಮನಸ್ಸಿರಲಿಲ್ಲ.

ಕೆನಡಾದ ವಿಜ್ಞಾನಿ ಡೇವಿಡ್ ಶಿಂಡ್ಲರ್ ಮತ್ತು ಅವರ ತಂಡ 1973ರಲ್ಲಿ ಕಾಡಿನ ನಡುವಿನ ಒಂದು ಪುಟ್ಟ ಸರೋವರ ಆರಿಸಿಕೊಂಡರು. ಅದಕ್ಕೆ ಹೆಸರೂ ಇಲ್ಲ, 226 ಎಂಬ ಸಂಖ್ಯೆ ಅಷ್ಟೇ. ನಡುವೆ ಸೊಂಟದ ಹಾಗೆ ಸಣ್ಣಗಿತ್ತು. ಅಲ್ಲಿ ಒಂದು ಪ್ಲಾಸ್ಟಿಕ್ ಪರದೆ ಕಟ್ಟಿ ಸರೋವರವನ್ನು ಎರಡು ಭಾಗ ಮಾಡಿದರು. ಒಂದು ಕಡೆ ಇಂಗಾಲ ಮತ್ತು ಸಾರಜನಕ ಹಾಕಿದರು. ಇನ್ನೊಂದು ಕಡೆ ಅವೆರಡರ ಜೊತೆ ರಂಜಕವನ್ನೂ ಹಾಕಿದರು. ಕೆಲವೇ ವಾರಗಳಲ್ಲಿ ರಂಜಕ ಹಾಕಿದ ಕಡೆ ನೀರು ದಟ್ಟ ಹಸಿರಾಯಿತು. ಪರದೆಯ ಆಚೆ ನೀರು ಕಪ್ಪಗೆ, ತಿಳಿಯಾಗಿಯೇ ಇತ್ತು. ಮೇಲಿನಿಂದ ತೆಗೆದ ಒಂದೇ ಒಂದು ಫೋಟೋ ಆ ಜಗಳಕ್ಕೆ ಉತ್ತರ ಕೊಟ್ಟಿತು.

ಸರೋವರದ ನೀರು ಸರಿ ಮಾಡಲು 1972ರಲ್ಲೇ ಅಮೆರಿಕ, ಕೆನಡಾ ಎರಡೂ ಒಪ್ಪಂದ ಮಾಡಿಕೊಂಡಿದ್ದವು. ಕೊಳಚೆ ನೀರು ಶುದ್ಧ ಮಾಡುವಾಗ ರಂಜಕವನ್ನೂ ತೆಗೆಯತೊಡಗಿದರು. ಸೋಪಿನ ಪುಡಿಯಲ್ಲೂ ಅದು ಇಳಿಯಿತು. ಈರಿ ನಿಧಾನವಾಗಿ ಚೇತರಿಸಿಕೊಂಡಿತು.

ಹಳೆಮೇಷ್ಟ್ರು:
ಅರ್ಧ ಕಥೆ ಹೇಳಿದಿರಿ. ಈರಿಯಲ್ಲಿ ಪಾಚಿ ಮತ್ತೆ ಬಂದಿದೆ. 2014ರ ಆಗಸ್ಟಿನಲ್ಲಿ ಅದರ ದಡದ ಟೊಲೆಡೊ ನಗರದ ನಾಲ್ಕು ಲಕ್ಷಕ್ಕೂ ಹೆಚ್ಚು ಜನರಿಗೆ ಎರಡು ಮೂರು ದಿನ ನಲ್ಲಿ ನೀರು ಕುಡಿಯಬೇಡಿ ಎಂದು ಹೇಳಬೇಕಾಯಿತು. ಪಾಚಿಯ ವಿಷ ನೀರಿಗೆ ಸೇರಿತ್ತು. ಕುದಿಸಿದರೂ ಹೋಗದ ವಿಷ ಅದು. ನೀರು ಆವಿಯಾಗಿ ಉಳಿದದ್ದರಲ್ಲಿ ಇನ್ನೂ ಗಟ್ಟಿಯಾಗುತ್ತದೆ.

ನೀರಪರೀಕ್ಷೆ:
ಹೌದು ಮೇಷ್ಟ್ರೇ, ಬಿಟ್ಟಿದ್ದು ನನ್ನ ತಪ್ಪು. ಮೊದಲ ಸಲ ರಂಜಕ ಬಂದದ್ದು ಹೆಚ್ಚಾಗಿ ಕೊಳಚೆ ಪೈಪಿನಿಂದ. ಪೈಪಿಗೆ ಒಂದು ಬಾಯಿ ಇರುತ್ತದೆ, ಅಲ್ಲಿ ತಡೆಯಬಹುದು. ಈಗ ಬರುತ್ತಿರುವುದು ಬಹುಪಾಲು ಹೊಲಗಳಿಂದ, ಮಳೆ ನೀರಿನ ಜೊತೆ. ಹಾಕಿದ ಗೊಬ್ಬರದಲ್ಲಿ ಬೆಳೆ ಹೀರಿಕೊಳ್ಳದೆ ಬಿಟ್ಟದ್ದು. ಸಾವಿರಾರು ಹೊಲ, ಸಾವಿರಾರು ಕಾಲುವೆ. ಬೀಗ ಹಾಕಲು ಬಾಗಿಲೇ ಇಲ್ಲ.

ಮಣ್ಣಿನವಳು:
ನಾನು ಬೇಸಾಯ ಮಾಡುವವಳು. ರೈತರನ್ನು ಬೈಯುವ ಮೊದಲು ಒಂದು ಮಾತು ಕೇಳಿ. ಗೊಬ್ಬರ ಹಾಕದಿದ್ದರೆ ಇಳುವರಿ ಬರುವುದಿಲ್ಲ. ಇಳುವರಿ ಬರದಿದ್ದರೆ ಸಾಲ ತೀರುವುದಿಲ್ಲ. ಯಾರೂ ಕೆರೆ ಕೆಡಿಸಬೇಕು ಎಂದು ಗೊಬ್ಬರ ಎರಚುವುದಿಲ್ಲ.

ಆದರೆ ದಾರಿ ಇದೆ, ನಾನೇ ಮಾಡಿ ನೋಡಿದ್ದೇನೆ. ಮಣ್ಣು ಪರೀಕ್ಷೆ ಮಾಡಿಸಿದ ಮೇಲೆ ನನ್ನ ಹೊಲದಲ್ಲಿ ರಂಜಕ ಬೇಕಾದ್ದಕ್ಕಿಂತ ಜಾಸ್ತಿಯೇ ಇದೆ ಎಂದು ಗೊತ್ತಾಯಿತು. ಅಷ್ಟು ವರ್ಷ ಸುಮ್ನೆ ದುಡ್ಡು ಕೊಟ್ಟು ತಂದು ನೀರಿಗೆ ಬಿಟ್ಟಿದ್ದೆ. ಈಗ ಅಳತೆ ನೋಡಿ ಹಾಕುತ್ತೇನೆ. ಮಳೆ ಬರುವ ಹಿಂದಿನ ದಿನ ಹಾಕುವುದಿಲ್ಲ. ಹೊಲದ ಇಳಿಜಾರಿನ ಕೊನೆಯಲ್ಲಿ ಒಂದಷ್ಟು ಅಗಲ ಹುಲ್ಲು ಬಿಟ್ಟಿದ್ದೇನೆ. ದೊಡ್ಡ ಮಳೆ ನಿಂತ ಮೇಲೆ ಆ ಹುಲ್ಲಿನ ಬುಡಕ್ಕೆ ಕೈ ಹಾಕಿ ನೋಡಿ. ಬೆರಳ ದಪ್ಪ ನುಣ್ಣನೆ ಮಣ್ಣು ಕೂತಿರುತ್ತದೆ. ಅದು ನನ್ನ ಹೊಲದ ಮೇಲ್ಮಣ್ಣು. ಹುಲ್ಲು ಇಲ್ಲದಿದ್ದರೆ ಅಷ್ಟೂ ಹಳ್ಳ ಸೇರುತ್ತಿತ್ತು. ರಂಜಕ ಹೆಚ್ಚಾಗಿ ಮಣ್ಣಿನ ಕಣಕ್ಕೆ ಅಂಟಿಕೊಂಡೇ ಹೋಗುತ್ತದೆ. ಹಾಗಾಗಿ ಮಣ್ಣು ಹಿಡಿದರೆ ಅದನ್ನೂ ಹಿಡಿದ ಹಾಗೆ.

ಕೆರೆಯಂಚು:
ಅಕ್ಕ, ಇದು ಬಹಳ ಉಪಯೋಗದ ಮಾತು. ಕೆರೆಯ ಮೇಲ್ಭಾಗದಲ್ಲಿ ಏನಿದೆ ಎಂದು ನಾನು ಇವತ್ತಿನವರೆಗೂ ನೋಡಿಯೇ ಇಲ್ಲ. ನೀರಿನ ಅಂಚಿನಲ್ಲೇ ಸುತ್ತುತ್ತಿದ್ದೇನೆ.

ಹಕ್ಕಿನೋಟ:
ಸರಿಯಾದದ್ದು ಇದೆಯಾ ಎಂದು ಕೇಳಿದಿರಿ. ರಣಹದ್ದುಗಳ ವಿಷಯ ಹೇಳುತ್ತೇನೆ. ಪೂರ್ತಿ ಸರಿಯಾಗಿಲ್ಲ, ಆದರೆ ಹೇಳಲೇಬೇಕು.

ಭಾರತದಲ್ಲಿ ಒಂದು ಕಾಲಕ್ಕೆ ಲಕ್ಷಗಟ್ಟಲೆ ಇದ್ದ ಬಿಳಿಬೆನ್ನಿನ ರಣಹದ್ದುಗಳು 1992ರಿಂದ 2007ರೊಳಗೆ ಸಾವಿರದಲ್ಲಿ ಒಂದು ಉಳಿಯುವಷ್ಟು ಕುಸಿದವು. ಮೊದಲು ಯಾವುದೋ ಸೋಂಕು ಎಂದುಕೊಂಡರು. ಕೊನೆಗೆ ಪಾಕಿಸ್ತಾನದಲ್ಲಿ ಸತ್ತ ಹದ್ದುಗಳನ್ನು ಪರೀಕ್ಷೆ ಮಾಡಿದ ಲಿಂಡ್ಸೆ ಓಕ್ಸ್ ಅವರ ತಂಡಕ್ಕೆ ಕಾರಣ ಸಿಕ್ಕಿತು. 2004ರಲ್ಲಿ ಪ್ರಕಟಿಸಿದರು. ಡೈಕ್ಲೋಫೆನಾಕ್. ನಾವು ಮಂಡಿ ನೋವಿಗೆ ತಿನ್ನುವ ಅದೇ ಔಷಧ. ದನಗಳಿಗೆ ನೋವು, ಜ್ವರ ಬಂದರೆ ಚುಚ್ಚುತ್ತಿದ್ದರು. ಆ ದನ ಸತ್ತರೆ ಹದ್ದು ತಿನ್ನುತ್ತದೆ. ಅದರ ಮೂತ್ರಪಿಂಡ ಕೆಲಸ ನಿಲ್ಲಿಸುತ್ತದೆ. ಹೊಟ್ಟೆ ಕೊಯ್ದು ನೋಡಿದಾಗ ಒಳಗಿನ ಅಂಗಗಳ ಮೇಲೆಲ್ಲ ಸೀಮೆಸುಣ್ಣ ಬಳಿದ ಹಾಗೆ ಬಿಳಿ ಪದರ. ಯೂರಿಕ್ ಆಮ್ಲದ ಹರಳುಗಳು.

ನನ್ನನ್ನು ತುಂಬಾ ಕಾಡುವ ವಿಷಯ ಬೇರೆಯೇ ಇದೆ. ನೂರು ಹೆಣಗಳಲ್ಲಿ ಒಂದರಲ್ಲೂ ಅಲ್ಲ, ಅದಕ್ಕಿಂತ ಕಡಿಮೆಯಲ್ಲಿ ಈ ಔಷಧ ಇದ್ದರೂ ಇಷ್ಟು ದೊಡ್ಡ ಕುಸಿತಕ್ಕೆ ಸಾಕು ಎಂದು ಲೆಕ್ಕ ಹಾಕಿದ್ದಾರೆ. ಒಂದು ಹೆಣಕ್ಕೆ ಹತ್ತಾರು ಹದ್ದುಗಳು ಮುತ್ತುತ್ತವೆ. ಹದ್ದು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ದನಕ್ಕೆ ಔಷಧ ಕೊಟ್ಟವರ ಮನಸ್ಸಿನಲ್ಲಿ ಇದ್ದದ್ದು ಕರುಣೆ. ಆಕಾಶ ಖಾಲಿಯಾಗುತ್ತದೆ ಎಂದು ಯಾರಿಗೆ ಹೊಳೆಯಬೇಕು ಹೇಳಿ.

2006ರಲ್ಲಿ ಭಾರತ, ನೇಪಾಳ, ಪಾಕಿಸ್ತಾನ ಮೂರೂ ದನಗಳಿಗೆ ಈ ಔಷಧ ಕೊಡುವುದನ್ನು ನಿಷೇಧಿಸಿದವು. ಅಷ್ಟರಲ್ಲಿ ಮೆಲಾಕ್ಸಿಕಾಮ್ ಎಂಬ ಬದಲಿ ಔಷಧ ಹದ್ದುಗಳಿಗೆ ತೊಂದರೆ ಮಾಡುವುದಿಲ್ಲ ಎಂದು ಪರೀಕ್ಷಿಸಿ ನೋಡಿದ್ದರು. ಆದರೆ ಮನುಷ್ಯರಿಗೆಂದು ಬರುವ ದೊಡ್ಡ ಬಾಟಲಿಗಳನ್ನೇ ದನಗಳಿಗೂ ಬಳಸುತ್ತಿದ್ದರು. ಅದಕ್ಕೆ 2015ರಲ್ಲಿ ಭಾರತ ಸರ್ಕಾರ ಮನುಷ್ಯರ ಚುಚ್ಚುಮದ್ದಿನ ಬಾಟಲಿಯನ್ನೇ 3 ಮಿಲಿಲೀಟರಿಗೆ ಇಳಿಸಿತು. ಇಷ್ಟು ಸಣ್ಣ ಬಾಟಲಿ ಒಂದು ಹಸುವಿಗೆ ಸಾಲುವುದಿಲ್ಲ. ಇದು ಎಷ್ಟು ಚೆಂದದ ಯೋಚನೆ ನೋಡಿ! 2023ರಲ್ಲಿ ಇಂಥವೇ ಇನ್ನೆರಡು ಔಷಧಗಳನ್ನೂ ದನಗಳಿಗೆ ಕೊಡದಂತೆ ನಿಲ್ಲಿಸಿದರು. ಕುಸಿತ ಈಗ ಬಹುಮಟ್ಟಿಗೆ ನಿಂತಿದೆ. ನೇಪಾಳದಲ್ಲಿ ಸಂಖ್ಯೆ ಏರಲು ಶುರುವಾಗಿದೆ. ಮೊದಲಿನ ಹಾಗೆ ಆಗಲು ನಮ್ಮ ಜೀವಮಾನ ಸಾಲದು.

ಹಸಿರುಹಾದಿ:
ಓದಿ ಮೈ ಜುಮ್ಮೆಂದಿತು. ಆದರೆ ಇದೆಲ್ಲ ಸರ್ಕಾರ, ವಿಜ್ಞಾನಿಗಳ ಕೆಲಸ. ನಾವು ಏನು ಮಾಡುವುದು? ನಾನು ಐದು ವರ್ಷದಿಂದ ಬಟ್ಟೆ ಚೀಲ ಹಿಡಿದು ಓಡಾಡುತ್ತೇನೆ, ಹುಟ್ಟುಹಬ್ಬಕ್ಕೆ ಗಿಡ ನೆಡುತ್ತೇನೆ. ಅದಕ್ಕೆ ಬೆಲೆಯೇ ಇಲ್ಲವಾ?

ಹಳೆಮೇಷ್ಟ್ರು:
ಇದೆ ತಾಯಿ, ಖಂಡಿತ ಇದೆ. ಆದರೆ ನಮ್ಮ ದೊಡ್ಡ ತಪ್ಪು ಇಲ್ಲೇ ಆಗುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುತ್ತೇವೆ. ಕೆರೆಗೆ ಕೊಳಚೆ ಬರುತ್ತಿರುತ್ತದೆ, ನಾವು ದಂಡೆಯಲ್ಲಿ ಗಿಡ ನೆಡುತ್ತೇವೆ. ಗಿಡ ಒಳ್ಳೆಯದೇ. ಕೆರೆಗೆ ಬೇಕಾದ ಮದ್ದು ಅದಲ್ಲ.

ಗಿಡದ ವಿಷಯವನ್ನೇ ತೆಗೆದುಕೊಳ್ಳಿ. ಹುಲ್ಲುಗಾವಲು ಖಾಲಿ ಜಾಗ ಎಂದುಕೊಂಡು ಅಲ್ಲಿ ಒಂದೇ ಜಾತಿಯ ಮರಗಳನ್ನು ಸಾಲಾಗಿ ನೆಟ್ಟರೆ, ಹುಲ್ಲನ್ನೇ ನಂಬಿದ ಹಕ್ಕಿ, ಹುಳ, ಪ್ರಾಣಿಗಳೆಲ್ಲ ಹೋಗುತ್ತವೆ. ಕಾಡು ಇದ್ದ ಜಾಗದಲ್ಲಿ ಕಾಡು ಬರಬೇಕು. ಕೋಸ್ಟರಿಕಾ ದೇಶ ನೋಡಿ. ದನ ಮೇಯಿಸಲು ಕಡಿದೂ ಕಡಿದೂ 1980ರ ದಶಕದ ಹೊತ್ತಿಗೆ ದೇಶದ ಕಾಲು ಭಾಗದಷ್ಟು ಮಾತ್ರ ಕಾಡು ಉಳಿದಿತ್ತು. 1996ರಲ್ಲಿ ಕಾನೂನು ತಂದರು. ಕಾಡು ಕಡಿದು ಬೇರೆ ಕೆಲಸಕ್ಕೆ ಬಳಸುವಂತಿಲ್ಲ. ಕಾಡು ಉಳಿಸಿಕೊಂಡ ಜಮೀನಿನವರಿಗೆ ಸರ್ಕಾರವೇ ಹಣ ಕೊಡುತ್ತದೆ. ಆ ಹಣದ ದೊಡ್ಡ ಪಾಲು ಇಂಧನದ ಮೇಲಿನ ತೆರಿಗೆಯಿಂದ. ಈಗ ದೇಶದ ಅರ್ಧಕ್ಕಿಂತ ಹೆಚ್ಚು ಜಾಗ ಮತ್ತೆ ಕಾಡು. ಅದರಲ್ಲಿ ಎಷ್ಟೋ ಭಾಗ ಯಾರೂ ನೆಟ್ಟದ್ದಲ್ಲ. ಮೇಯಿಸುವುದು ನಿಂತ ಮೇಲೆ ತಾನೇ ಬೆಳೆದದ್ದು.

ಗಾಳಿಮಾತು:
ಎಲ್ಲರೂ ಚೆನ್ನಾಗಿ ಬರೆಯುತ್ತಿದ್ದೀರಿ. ಆದರೆ ನನಗೆ ಒಂದು ಅನುಮಾನ. ಇವೆಲ್ಲ ಒಂದು ಕಾರಣ, ಒಂದು ಮದ್ದು ಇರುವ ಕಥೆಗಳು. ಹವಾಮಾನ ಹಾಗಲ್ಲ. ಕೈಗಾರಿಕೆಗಳು ಶುರುವಾಗುವ ಮೊದಲು ಗಾಳಿಯ ಹತ್ತು ಲಕ್ಷ ಕಣಗಳಲ್ಲಿ ಸುಮಾರು 280 ಇಂಗಾಲದ ಡೈಆಕ್ಸೈಡ್ ಇತ್ತು. 1958ರಲ್ಲಿ ವಿಜ್ಞಾನಿ ಚಾರ್ಲ್ಸ್ ಕೀಲಿಂಗ್ ಹವಾಯಿಯ ಬೆಟ್ಟದ ಮೇಲೆ ಅಳೆಯಲು ಶುರು ಮಾಡಿದಾಗ 315. ಈಗ 420 ದಾಟಿದೆ. ಅಡುಗೆ, ಓಡಾಟ, ಸಿಮೆಂಟ್, ಉಕ್ಕು, ಕರೆಂಟು, ಎಲ್ಲದರಲ್ಲೂ ಇದೆ. ಇದಕ್ಕೆ 3 ಮಿಲಿಲೀಟರಿನ ಬಾಟಲಿ ಎಲ್ಲಿಂದ ತರುವುದು?

ಹಳೆಮೇಷ್ಟ್ರು:
ಒಪ್ಪುತ್ತೇನೆ, ಇದು ಎಲ್ಲಕ್ಕಿಂತ ಕಷ್ಟದ್ದು. ಓಝೋನ್ ವಿಷಯದಲ್ಲಿ ಏನಾಯಿತು ಎಂದು ನೆನಪಿಸುತ್ತೇನೆ, ಯಾಕೆಂದರೆ ಅದು ಕೂಡ ಇಡೀ ಭೂಮಿಯ ಸಮಸ್ಯೆ. ಫ್ರಿಜ್ ಮತ್ತು ಸ್ಪ್ರೇ ಡಬ್ಬಿಗಳ ಸಿಎಫ್‌ಸಿ ಅನಿಲ ಮೇಲೆ ಹೋಗಿ ಓಝೋನ್ ಪದರವನ್ನು ತಿನ್ನುತ್ತದೆ ಎಂದು ಮೊಲಿನಾ ಮತ್ತು ರೋಲೆಂಡ್ ಎಂಬ ವಿಜ್ಞಾನಿಗಳು 1974ರಲ್ಲಿ ಹೇಳಿದರು. ಕಂಪನಿಗಳು ನಂಬಲಿಲ್ಲ. 1985ರಲ್ಲಿ ಅಂಟಾರ್ಕ್ಟಿಕಾದ ಮೇಲೆ ಪದರ ತೆಳುವಾಗಿದ್ದು ಅಳತೆಗೇ ಸಿಕ್ಕಿತು. ಎರಡೇ ವರ್ಷಕ್ಕೆ, 1987ರಲ್ಲಿ, ಇಂಥ ಅನಿಲಗಳನ್ನು ಇಳಿಸುವ ಮಾಂಟ್ರಿಯಲ್ ಒಪ್ಪಂದ. ಇವತ್ತು ಲೋಕದ ಎಲ್ಲ ದೇಶಗಳೂ ಅದರಲ್ಲಿವೆ. ಬಡ ದೇಶಗಳಿಗೆ ಹೆಚ್ಚು ಸಮಯ ಕೊಟ್ಟರು, ಬದಲಾಯಿಸಿಕೊಳ್ಳಲು ಹಣವನ್ನೂ ಕೊಟ್ಟರು. ಈಗಿನ ಅಂದಾಜಿನ ಪ್ರಕಾರ ಅಂಟಾರ್ಕ್ಟಿಕಾದ ಮೇಲಿನ ಪದರ 2066ರ ಸುಮಾರಿಗೆ 1980ರ ಸ್ಥಿತಿಗೆ ಮರಳುತ್ತದೆ.

ಗಾಳಿಮಾತು:
ಆ ಸಿಎಫ್‌ಸಿ ಬಂದದ್ದೇ ಪರಿಹಾರವಾಗಿ ಅಲ್ವಾ ಮೇಷ್ಟ್ರೇ? ಅದಕ್ಕೂ ಮೊದಲು ಫ್ರಿಜ್‌ಗಳಲ್ಲಿ ಅಮೋನಿಯಾದಂಥ ವಿಷದ ಅನಿಲಗಳಿದ್ದವು, ಸೋರಿದರೆ ಜನ ಸಾಯುತ್ತಿದ್ದರು. ಸಿಎಫ್‌ಸಿ ತೆಗೆದು ಎಚ್‌ಎಫ್‌ಸಿ ಎಂಬ ಬೇರೆ ಅನಿಲ ತಂದರು. ಅದು ಓಝೋನ್ ಮುಟ್ಟುವುದಿಲ್ಲ, ಆದರೆ ಭೂಮಿಯನ್ನು ಬಿಸಿ ಮಾಡುತ್ತದೆ. ಅದನ್ನು ಇಳಿಸಲು 2016ರಲ್ಲಿ ಎಲ್ಲ ದೇಶಗಳೂ ರುವಾಂಡಾದ ಕಿಗಾಲಿ ನಗರದಲ್ಲಿ ಮತ್ತೆ ಕೂತವು. ಹೊಸ ಮದ್ದು ತಂದಾಗಲೆಲ್ಲ ಅದನ್ನೂ ಕಾಯುತ್ತಾ ಕೂರಬೇಕು.

ಹಳೆಮೇಷ್ಟ್ರು:
ಸರಿಯಾಗಿ ಹೇಳಿದಿರಿ. ಹವಾಮಾನದಲ್ಲೂ ಬದಲಿ ಅಗ್ಗವಾದರೆ ಮಾತ್ರ ಹಳೆಯದು ಹೋಗುತ್ತದೆ. ಸೌರ ವಿದ್ಯುತ್ತಿನ ಖರ್ಚು 2010ರಿಂದೀಚೆಗೆ ಸುಮಾರು ಹತ್ತನೇ ಒಂದು ಭಾಗಕ್ಕೆ ಇಳಿದಿದೆ. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಇದನ್ನು ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ. ಸಾಕು ಎಂದು ಹೇಳುತ್ತಿಲ್ಲ. ಸಿಮೆಂಟು, ಉಕ್ಕು, ವಿಮಾನಕ್ಕೆ ಇಷ್ಟು ಸುಲಭದ ದಾರಿ ಇನ್ನೂ ಕಂಡಿಲ್ಲ. ನಾವು ಬಿಟ್ಟ ಇಂಗಾಲ ನೂರಾರು ವರ್ಷ ಗಾಳಿಯಲ್ಲಿ ಉಳಿಯುತ್ತದೆ. ಅದಕ್ಕೇ ಒಂದೊಂದು ವರ್ಷದ ತಡವೂ ನನಗೆ ಭಯ ಹುಟ್ಟಿಸುತ್ತದೆ.

ಮಣ್ಣಿನವಳು:
ಕೆರೆಯ ಮಾತು ಎಲ್ಲಿಗೋ ಹೋಯಿತು. ಮಗಳಿಗೆ ಹೇಳಲು ಸರಿಯಾದ ಕೆರೆಯೊಂದು ಬೇಡವಾ?

ನೀರಪರೀಕ್ಷೆ:
ಇದೆ! ಸಿಯಾಟಲ್ ನಗರದ ಪಕ್ಕದ ವಾಷಿಂಗ್ಟನ್ ಸರೋವರ. ಸುತ್ತಲಿನ ಊರುಗಳ ಕೊಳಚೆಯೆಲ್ಲ, ಶುದ್ಧ ಮಾಡಿದ ಮೇಲೂ ರಂಜಕ ತುಂಬಿಕೊಂಡೇ, ಅದಕ್ಕೇ ಹೋಗುತ್ತಿತ್ತು. 1955ರಲ್ಲಿ ಡಬ್ಲ್ಯೂ. ಟಿ. ಎಡ್ಮಂಡ್ಸನ್ ಎಂಬ ಪ್ರಾಧ್ಯಾಪಕರ ತಂಡ ನೀರಿನಲ್ಲಿ ಒಂದು ಬಗೆಯ ಪಾಚಿ ನೋಡಿತು. ಯುರೋಪಿನ ಸರೋವರಗಳು ಕೆಡುವ ಮೊದಲು ಅಲ್ಲೂ ಅದೇ ಕಾಣಿಸಿತ್ತು. ಹೀಗೇ ಬಿಟ್ಟರೆ ಮುಂದೆ ಏನಾಗುತ್ತದೆ ಎಂದು ಅವರು ಮೊದಲೇ ಹೇಳಿದರು.

ಎಲ್ಲ ಊರುಗಳೂ ಒಟ್ಟಾಗಿ ಒಂದು ವ್ಯವಸ್ಥೆ ಮಾಡಿ, ಕೊಳಚೆಯನ್ನು ಸರೋವರದಿಂದ ಬೇರೆ ಕಡೆ ತಿರುಗಿಸಬೇಕಿತ್ತು. ಅದಕ್ಕೆ ಜನರ ಮತ ಬೇಕಿತ್ತು. 1958ರ ಮಾರ್ಚಿನಲ್ಲಿ ಮತ ಹಾಕಿದರು, ಸೋತಿತು. ಕೈ ಚೆಲ್ಲಿ ಕೂರಲಿಲ್ಲ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಮತ್ತೆ ಕೇಳಿದರು, ಗೆದ್ದಿತು. 1963ರಿಂದ 1968ರೊಳಗೆ ಒಂದೊಂದೇ ಪೈಪನ್ನು ತಿರುಗಿಸಿದರು. ಒಂದು ಮೀಟರ್ ಆಳವೂ ಸರಿಯಾಗಿ ಕಾಣದಷ್ಟು ಕೆಟ್ಟಿದ್ದ ನೀರು 1970ರ ದಶಕದಲ್ಲಿ ತಿಳಿಯಾಯಿತು. ಇವತ್ತು ಜನ ಅಲ್ಲಿ ಈಜುತ್ತಾರೆ.

ಒಂದು ಎಚ್ಚರಿಕೆ ಕೊಡಬೇಕು. ಆ ಸರೋವರ ಆಳವಾದದ್ದು, ಹೊಳೆಗಳಿಂದ ಹೊಸ ನೀರು ಬರುತ್ತಿರುತ್ತದೆ. ಆಳವಿಲ್ಲದ ಕೆರೆಯ ತಳದ ಹೂಳಿನಲ್ಲಿ ವರ್ಷಗಟ್ಟಲೆಯ ರಂಜಕ ಕೂತಿರುತ್ತದೆ. ಆಮ್ಲಜನಕ ಮುಗಿದಾಗ ಆ ಹೂಳೇ ಅದನ್ನು ನೀರಿಗೆ ಬಿಡುತ್ತದೆ. ಒಳಬರುವುದನ್ನು ನಿಲ್ಲಿಸಿದರೂ ಒಂದಷ್ಟು ವರ್ಷ ಹಸಿರು ಬರುತ್ತಲೇ ಇರಬಹುದು. ಆಗ ಏನೂ ಆಗಲಿಲ್ಲ ಎಂದು ಬಿಟ್ಟುಬಿಡಬೇಡಿ.

ಕೆರೆಯಂಚು:
ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಈ ಭಾನುವಾರ ಮಗಳನ್ನೂ ಕರೆದುಕೊಂಡು ಕೆರೆಗೆ ನೀರು ಎಲ್ಲೆಲ್ಲಿಂದ ಬರುತ್ತದೆ ಎಂದು ಹುಡುಕಿಕೊಂಡು ಹೋದೆ. ಒಟ್ಟು ಮೂರು ಕಡೆ. ಎರಡು ಮಳೆ ನೀರಿನ ಕಾಲುವೆಗಳು, ಒಣಗಿದ್ದವು. ಮೂರನೆಯದು ಪೊದೆಯ ಹಿಂದೆ ಇತ್ತು. ಮಳೆ ಬಂದು ಎಷ್ಟೋ ದಿನವಾಗಿದ್ದರೂ ಅದರಲ್ಲಿ ನೀರು ಹರಿಯುತ್ತಿತ್ತು. ಬೂದು ಬಣ್ಣ, ಮೇಲೆ ಸೋಪಿನ ನೊರೆ. ಕಲ್ಲುಗಳ ಮೇಲೆ ಬೆಳ್ಳಗೆ ಲೋಳೆ ಹತ್ತಿತ್ತು. "ಮಳೆ ಇಲ್ಲದೆ ಇದರಲ್ಲಿ ಯಾಕೆ ನೀರಿದೆ?" ಎಂದು ಕೇಳಿದ್ದು ಮಗಳೇ.

ನೀರನ್ನು ಪರೀಕ್ಷೆ ಮಾಡಲೇಬೇಕು ಎಂದು ನೀರಪರೀಕ್ಷೆಯವರು ಹೇಳಿದ್ದರಲ್ಲ, ನೀರಿನ ಆಮ್ಲಜನಕ ಅಳೆಯುವ ಒಂದು ಕಿಟ್ ತರಿಸಿದ್ದೇನೆ. ಮಂಗಳವಾರ ನಸುಕಿನಲ್ಲಿ ಅಳೆದೆ, ಲೀಟರಿಗೆ 2 ಮಿಲಿಗ್ರಾಂ. ಅವತ್ತೇ ಮಧ್ಯಾಹ್ನ 11. ಎರಡನ್ನೂ ದಿನಾಂಕ ಹಾಕಿ ಪುಸ್ತಕದಲ್ಲಿ ಬರೆದಿದ್ದೇನೆ. ಆ ಕಾಲುವೆಯ ಫೋಟೋಗಳನ್ನೂ ಈ ಅಳತೆಗಳನ್ನೂ ಸೇರಿಸಿ ದೂರು ಕೊಡುತ್ತೇನೆ. ಹಸಿರುಹಾದಿಯವರೇ, ಎಲ್ಲರೂ ಸೇರಿ ಪಾಚಿ ಎಳೆಯೋಣ ಎಂದಿದ್ದಿರಲ್ಲ. ಅದರ ಬದಲು ನಿಮ್ಮ ಹತ್ತಿರದ ಕೆರೆಯ ಕಾಲುವೆಗಳನ್ನು ಹೀಗೇ ಒಂದು ಸಲ ನಡೆದು ನೋಡುತ್ತೀರಾ?

ಹಸಿರುಹಾದಿ:
ಹೋಗುತ್ತೇನೆ. ಮಳೆ ಬರುವ ಮೊದಲೇ ಹೋಗಬೇಕು ಅಲ್ವಾ, ಇಲ್ಲದಿದ್ದರೆ ಯಾವುದರಲ್ಲಿ ಯಾವ ನೀರು ಎಂದು ಗೊತ್ತಾಗುವುದಿಲ್ಲ?

ನೀರಪರೀಕ್ಷೆ:
ಹೌದು, ಒಣ ದಿನವೇ ಹೋಗಿ. ಬೆಳಗ್ಗೆ ಜನ ಸ್ನಾನ ಮಾಡುವ, ಬಟ್ಟೆ ಒಗೆಯುವ ಹೊತ್ತಿಗೆ. ಕೈಗೆ ಗ್ಲೌಸ್ ಹಾಕಿಕೊಳ್ಳಿ. ಪ್ರತಿ ಕಾಲುವೆಯ ಬಾಯಿಯ ಹತ್ತಿರ ನಿಂತು ಒಂದು ಫೋಟೋ ತೆಗೆಯಿರಿ, ಸಮಯ ಬರೆದುಕೊಳ್ಳಿ. ಮಧ್ಯಾಹ್ನ ಮತ್ತೆ ಅದೇ ಜಾಗದಲ್ಲಿ ಇನ್ನೊಂದು. ಹರಿವು ಹೊತ್ತಿಗೆ ತಕ್ಕ ಹಾಗೆ ಏರಿ ಇಳಿದರೆ ಅದು ಮನೆಗಳ ನೀರು ಎಂದು ಹೆಚ್ಚುಕಡಿಮೆ ಗೊತ್ತಾದ ಹಾಗೆ. ಫೋಟೋಗಳನ್ನು ಇಲ್ಲೇ ಹಾಕಿ, ಒಟ್ಟಿಗೆ ಕೂತು ನೋಡೋಣ.